ಹಿತ, ಮಿತ ಮತ್ತು ನಿತ್ಯ

ನಾನು ಉಪಾಧ್ಯಾಯನಾಗಿದ್ದಾಗ ಒಂದು ಬೆಳಿಗ್ಗೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಬಾಲಕನೊಬ್ಬನು ತಲೆತಿರುಗಿ ಬಿದ್ದನು. ಗೆಳೆಯರು ‘ಡುಮ್ಮ’ ಎಂದು ಹಂಗಿಸಿದುದಕ್ಕೆ ನೊಂದು ಅವನು ಎರಡು ದಿನಗಳಿಂದ ಊಟವನ್ನೇ ಬಿಟ್ಟಿದ್ದನು. ಹಂಗಿಸಿದುದು ತಪ್ಪು, ಉಪವಾಸದಿಂದ ಮೈ ಕರಗಿಸಹೊರಟುದೂ ತಪ್ಪು.

ಮಂಡ್ಯದ ಸೀಮೆಯಲ್ಲಿ ನಮ್ಮ ಹಿರಿಯರು ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳುಗಳನ್ನು ಉಂಡು ದಿನವಿಡೀ ಹೊಲದಲ್ಲಿ ದುಡಿಯುತ್ತಿದ್ದರು. ಉಂಡ ಅನ್ನವು ದುಡಿಮೆಯಲ್ಲಿ ಕರಗುತ್ತಿತ್ತು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನಾಲೆಯ ನೀರು ಹರಿಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಭತ್ತ, ಕಬ್ಬು ಬೆಳೆದವು, ಸಿರಿ ಬಂದಿತು. ಅದು ಸಂತೋಷದ ವಿಷಯವೇ. ಆದರೆ ಇಂದು ಉಳುಮೆಗೆ ಟ್ರ್ಯಾಕ್ಟರು, ಓಡಾಟಕ್ಕೆ ಮೋಟಾರು ಬೈಕು. ದುಡಿಮೆ ತಗ್ಗಿತು, ತುತ್ತು ತಗ್ಗಲಿಲ್ಲ. ಸಿಹಿಯೂ ಕರಿದ ತಿಂಡಿಯೂ ಹೆಚ್ಚಿದವು.

ಹಾಗೆಂದು ಮದ್ದೂರು ವಡೆಯನ್ನು ದೂಷಿಸಬೇಕೆ? ಬೇಕಿಲ್ಲ. ರೈಲು ಪ್ರಯಾಣದಲ್ಲಿ ಎಂದೋ ಒಮ್ಮೆ ಸವಿದರೆ ಕೇಡಿಲ್ಲ. ಅಪರೂಪವಾದುದು ನಿತ್ಯವಾದಾಗಲೇ ಕೇಡು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಮಳವಳ್ಳಿಯ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಸೈಕಲ್ ತುಳಿದು ಶಾಲೆಗೆ ಬಂದು, ಸಂಜೆ ಕಬಡ್ಡಿ ಆಡಿದರೆ ಇದು ಸುಲಭವಾಗಿ ಪೂರೈಸುತ್ತದೆ. ಅದಕ್ಕೆ ಹಣ ಬೇಡ, ಮನಸ್ಸು ಬೇಕು.

ನೆಟ್ಟ ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಒಳ್ಳೆಯ ಅಭ್ಯಾಸವೂ ಹಾಗೆಯೇ. ಅವಸರಕ್ಕೆ ಅದು ಫಲ ಕೊಡದು. ಆದುದರಿಂದ ವಿದ್ಯಾರ್ಥಿಗಳೇ, ಹೊತ್ತಿಗೆ ಸರಿಯಾಗಿ ಹಿತಮಿತವಾಗಿ ಉಣ್ಣಿರಿ, ನಿತ್ಯವೂ ಆಡಿರಿ. ಮೈ ತುಂಬಿದ ಗೆಳೆಯನನ್ನು ಹಂಗಿಸಬೇಡಿರಿ. ಕೈಹಿಡಿದು ಆಟಕ್ಕೆ ಕರೆಯಿರಿ.