ಬೆಟ್ಟದ ಬೈಸಿಕಲ್ಲಿನ ಆರೈಕೆ

ಲಕ್ಷ ರೂಪಾಯಿಗೂ ಮೀರಿದ ಬೆಲೆ ತೆತ್ತು, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ನುಳ್ಳ ಬೈಸಿಕಲ್ಲನ್ನು ಮೈಸೂರಿನ ಮನೆಗೆ ತಂದ ಮಾತ್ರಕ್ಕೆ ಅದು ಸವಾರನದಾಗುವುದಿಲ್ಲ. ಅವನ ತೂಕಕ್ಕೆ ಅದನ್ನು ಹೊಂದಿಸಬೇಕು. ಶಿರಸ್ತ್ರಾಣ, ನೀರಿನ ಚೀಲಗಳೊಡನೆ ಅವನು ಏರಿ ಕುಳಿತಾಗ ಹಿಂದಿನ ಷಾಕು ತನ್ನ ಚಲನೆಯ ಸುಮಾರು ಶೇಕಡ 30ರಷ್ಟು ಕುಗ್ಗತಕ್ಕದ್ದು: 50 ಮಿಲಿಮೀಟರಿಗೆ 15. ಮುಂದಿನ ಫೋರ್ಕು ತುಸು ಕಡಿಮೆ. ದಂಡದ ಮೇಲಿನ ರಬ್ಬರು ಬಳೆ ಸರಿದಷ್ಟೇ ಅಳತೆ. ಹೆಚ್ಚು ಕುಗ್ಗಿದರೆ ಗಾಳಿ ತುಂಬಬೇಕು, ಕಡಿಮೆಯಾದರೆ ಬಿಡಬೇಕು. ಟೈರಿನ ಪಂಪು ಇಲ್ಲಿ ಸಲ್ಲದು, ಷಾಕಿಗೆ ಬೇರೆಯೇ ಪಂಪುಂಟು.

ಕುಗ್ಗಿದ್ದು ಮರಳುವ ವೇಗಕ್ಕೂ ಒಂದು ತಿರುಪಿದೆ. ಅತಿ ಬೇಗ ಚಿಮ್ಮಿದರೆ ಸವಾರನನ್ನೇ ಎಸೆದೀತು. ಅತಿ ನಿಧಾನವಾದರೆ ಮುಂದಿನ ಕಲ್ಲಿಗೆ ಷಾಕು ಸಿದ್ಧವಾಗದು.

ಮಳೆಗಾಲದ ಕೆಮ್ಮಣ್ಣನ್ನು ಅಂದೇ ತೊಳೆಯಬೇಕು. ಆದರೆ ವಾಹನ ತೊಳೆಯುವ ಅಂಗಡಿಯ ರಭಸದ ನೀರು ಬೇರಿಂಗುಗಳಿಗೆ ಶತ್ರು; ಬಕೆಟ್ಟು, ಮೆತ್ತನೆಯ ಬಟ್ಟೆ ಸಾಕು. ಕೀಲುಗಳ ಬೋಲ್ಟುಗಳನ್ನು ತಯಾರಕರು ಹೇಳಿದ ಬಿಗಿಗಷ್ಟೇ ತಿರುಗಿಸಬೇಕು. ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಫೋರ್ಕಿನ ಎಣ್ಣೆ ಬದಲಾಯಿಸುವುದು ವಾಡಿಕೆ.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ಕಾಲ್ನಡಿಗೆಯ ಭಕ್ತರವು. ಬೈಸಿಕಲ್ಲಿಗೆ ಡಾಂಬರು ರಸ್ತೆಯೇ ಇದೆ. ಆ ಇಳಿಜಾರಿಗೆ ಹೊರಡುವ ಮುನ್ನ ಬ್ರೇಕಿನ ತಟ್ಟೆಗಳನ್ನು ನೋಡಿಕೊಳ್ಳಬೇಕು. ಸರಪಳಿಗೆ ಬಿಟ್ಟ ಎಣ್ಣೆಯ ಹನಿಯೊಂದು ಅದರ ಮೇಲೆ ಸಿಡಿದಿದ್ದರೂ ತಿರುವಿನಲ್ಲಿ ಬ್ರೇಕು ಜಾರಬಹುದು.