ಗೌಂಡಿ ನಂಬಿಗಸ್ತನ, ಆದ್ರ ಬರಹ ಎಲ್ಲೈತಿ?

ಧಾರವಾಡ: 2019ರ ಮಾರ್ಚ್ 19ರಂದು ಇಲ್ಲಿನ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. ಕೆಟ್ಟ ಕೆಲಸದ ಬೆಲೆ ಎಷ್ಟೆಂದು ಊರಿಗೆ ಗೊತ್ತು. ಆದರೂ ಲಕಮನಹಳ್ಳಿಯಂಥ ಬಡಾವಣೆಗಳಲ್ಲಿ ಮನೆ ರಿಪೇರಿ ಅಂದ್ರ 'ನಮ್ಮ ಪರಿಚಯದವ್ರರೀ' ಅನ್ನೋ ಮಾತೇ ಕರಾರು.

ಮನೆ ಕಟ್ಟುವ ಕೆಲಸವೂ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯೇ. ಮೋಸವಾದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ರೊಕ್ಕ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಅಲ್ಲಿ ಪರಿಚಯ ನಡೆಯೋದಿಲ್ಲ, ಪುರಾವೆ ಬೇಕು.

ಸಿಮೆಂಟು, ಸರಳು ಯಾವುದು, ಕೆಲಸ ಮುಗಿಯೋದು ಯಾವಾಗ, ಎಷ್ಟು ಕೆಲಸಕ್ಕೆ ಎಷ್ಟು ಕಂತು, ಎಲ್ಲ ಬರೆಸಿ ಸಹಿ ಹಾಕಿಸ್ರಿ. ಗ್ವಾಡಿ ಒಡಿಯೋ ಮುಂಚೆ ಎಂಜಿನಿಯರ್‌ಗೆ ತೋರಿಸ್ರಿ. ರೊಕ್ಕ ಬ್ಯಾಂಕ್ ಮೂಲಕ ಕೊಡ್ರಿ. ಸಹಿಗೆ ಹಿಂದೇಟು ಹಾಕುವವನಿಗೆ ಅಡ್ವಾನ್ಸ್ ಕೊಡೋದು ಬ್ಯಾಡ.