ದಮ್ಮು ಏರಿದಾಗ

ಒಲೆಯ ಹೊಗೆ, ಬೀಡಿಯ ಹೊಗೆ ಕುಡಿದ ಎದೆಗೆ ಸಿ.ಓ.ಪಿ.ಡಿ. ಎಂಬ ದಮ್ಮಿನ ಕಾಯಿಲೆ ಬರುವುದುಂಟು. ಮಳೆಗಾಲದಲ್ಲಿ ದಮ್ಮು ಏರಿತೆಂದರೆ ಅಂಗಡಿಯಿಂದ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವುದು ನಮ್ಮಲ್ಲಿ ರೂಢಿ. ನಾವೂ ಹಾಗೆ ಮಾಡಿದವರೇ. ಇದು ತಪ್ಪೆಂಬುದು ಈಗ ನಮ್ಮ ಖಚಿತ ಅಭಿಪ್ರಾಯ. ಪ್ರತಿಸಲವೂ ಬ್ಯಾಕ್ಟೀರಿಯವೇ ಕಾರಣವಲ್ಲ.

2019ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಬೆರಳ ತುದಿಯ ರಕ್ತದಿಂದ ಸಿ.ಆರ್.ಪಿ. ಅಳೆದು ವೈದ್ಯರು ನಿರ್ಧರಿಸಿದಾಗ ನೂರಕ್ಕೆ 57 ಮಂದಿ ಮಾತ್ರ ಆಂಟಿಬಯಾಟಿಕ್ ತೆಗೆದುಕೊಂಡರು. ಅಳೆಯದ ಗುಂಪಿನಲ್ಲಿ 77. ಇದರಿಂದ ಯಾರ ಆರೋಗ್ಯವೂ ಕೆಟ್ಟಂತೆ ಕಾಣಲಿಲ್ಲ.

ಆದರೆ ಮುಂದೆ ದಮ್ಮು ಏರುವ ಸೂಚನೆಗಳಲ್ಲಿ ಹಿಂದೆ ಏರಿದ್ದೇ ಎಲ್ಲಕ್ಕಿಂತ ನಂಬಿಕೆಯದು ಎಂಬುದು 2010ರ ಎಕ್ಲಿಪ್ಸ್ ಅಧ್ಯಯನದ ತೀರ್ಮಾನ. ಆದ್ದರಿಂದ ಸದಸ್ಯ ಬಾಂಧವರು ಡೈರಿಯಲ್ಲಿ ಮಳೆ ಲೆಕ್ಕದ ಪಕ್ಕದಲ್ಲೇ ದಮ್ಮು ಏರಿದ ತಾರೀಖನ್ನೂ ಬರೆದಿಡಬೇಕು; ತಡಮಾಡದೆ ವೈದ್ಯರಿಗೆ ತೋರಿಸಬೇಕು.